ನೆಲ ಕುಡಿದ ಅಲೆ

ನಮ್ಮ ಗಾಳಿ ಸತ್ತಿದೆ ಎಂದು ಬರೆದವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವನು ಯಾರೋ, ಯಾವ ದೇಶದವನೋ ಗೊತ್ತಿಲ್ಲ. ಟಿ.ವಿ. ಕಾರ್ಟೂನುಗಳನ್ನು ಕಂತು ಕಂತಾಗಿ ಬಿಡಿಸಿಟ್ಟುಕೊಂಡು, ಯಾವ ಕಂತಿನ ಚಿತ್ರಗಳನ್ನು ಯಾವ ದೇಶದ ಸ್ಟುಡಿಯೋದಲ್ಲಿ ಬರೆಸಿದ್ದಾರೆ, ಯಾರ ಕೈ ಚೆನ್ನಾಗಿದೆ, ಯಾರದು ದಂಡ ಎಂದು ತೂಗಿ ನೋಡುವ ಜನ ಇಂಟರ್ನೆಟ್ಟಿನಲ್ಲಿದ್ದಾರೆ. ಅವರಲ್ಲೊಬ್ಬ ನಾವು ಕೆಲಸ ಮಾಡಿದ ಕಂತುಗಳನ್ನು ನೋಡಿ, ಇವು ಯಾವುದೋ ಅಗ್ಗದ ಹೊರದೇಶದ ಸ್ಟುಡಿಯೋದವು, ಇಲ್ಲಿ ಹೊಗೆ ಎಂದರೆ ಹತ್ತಿಯ ಉಂಡೆ, ಗಾಳಿಯಂತೂ ಸತ್ತೇಹೋಗಿದೆ ಎಂದು ಬರೆದಿದ್ದ. ಆ ಅಗ್ಗದ ಹೊರದೇಶ ಎಂದರೆ ಹಗರಿಬೊಮ್ಮನಹಳ್ಳಿ.

ನಮ್ಮ ಕೋಣೆ ಇರುವುದು ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿಯ ಮೇಲೆ. ಕೆಳಗೆ ಕಟ್ಟಡದ ಮಾಲೀಕರಾದ ಚಾಚಾ ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲಾದ ತಂತಿ ಕಿತ್ತು ಹೊಸ ತಾಮ್ರ ಸುತ್ತುತ್ತಾರೆ. ಮೇಲೆ ನಾವು ಮೂವರು ಹೊಗೆ, ಧೂಳು, ಬೆಂಕಿ, ನೀರು ಬರೆಯುತ್ತೇವೆ. ಕಾರ್ಟೂನಿನಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಬಿಟ್ಟು ಉಳಿದದ್ದೇನೇನು ಅಲ್ಲಾಡುತ್ತದೆಯೋ ಅದನ್ನೆಲ್ಲ ಎಫೆಕ್ಟ್ಸ್ ಎನ್ನುತ್ತಾರೆ. ನಾಯಕಿ ಓಡಿದರೆ ಅವಳನ್ನು ಬೇರೆ ಯಾರೋ ಬರೆದಿರುತ್ತಾರೆ, ಅವಳ ಕಾಲಡಿಯಿಂದ ಏಳುವ ಧೂಳು ನಮ್ಮದು. ನೋಡುವವರ ಕಣ್ಣು ನಾಯಕಿಯ ಮೇಲಿರುತ್ತದೆ. ಧೂಳು ಚೆನ್ನಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ನಾನು ಈ ವಿದ್ಯೆ ಕಲಿತದ್ದು ಹೈದರಾಬಾದಿನ ಒಂದು ಸ್ಟುಡಿಯೋದಲ್ಲಿ. ಅಲ್ಲಿ ಕೆಲವು ವರ್ಷ ಇದ್ದೆ. ಹಿರಿಯರೊಬ್ಬರು ನಾನು ಬರೆದ ಬೆಂಕಿಯನ್ನು ತಮ್ಮದೆಂದು ತೋರಿಸಿಕೊಂಡರು. ಎಲ್ಲರೂ ಕೂತಿದ್ದ ಮೀಟಿಂಗಿನಲ್ಲೇ ಎದ್ದು ನಿಂತು ಅವರ ಜನ್ಮ ಜಾಲಾಡಿದೆ, ಬ್ಯಾಗು ಎತ್ತಿಕೊಂಡು ಇಲ್ಲೇ ಹತ್ತಿರದ ಕೋಗಳಿಗೆ, ಅವ್ವನ ಮನೆಗೆ ಬಂದೆ. ಸಿಟ್ಟು ಮೂಗಿನ ತುದಿಯಲ್ಲಿ ಕೂತಿರುವ ಹೆಂಗಸಿಗೆ ಎಲ್ಲಿ ಕೆಲಸ ಸಿಗುತ್ತದೆ ಎಂದು ಅವ್ವ ಚಿಂತೆ ಮಾಡುತ್ತಿದ್ದಾಗ ಅದೇ ಸ್ಟುಡಿಯೋದ ಮೇಲ್ವಿಚಾರಕರು ಫೋನು ಮಾಡಿದರು. ಬೆಂಕಿ ಯಾರದೆಂದು ಅವರಿಗೆ ಗೊತ್ತಿತ್ತು. ಊರಲ್ಲಿ ಕೂತೇ ಮಾಡಿಕೊಡಿ, ಇನ್ನಿಬ್ಬರನ್ನು ತಯಾರು ಮಾಡಿಕೊಳ್ಳಿ ಎಂದರು. ಹೀಗೆ ಚಾಚಾ ಅಂಗಡಿಯ ಮೇಲಿನ ಕೋಣೆ ನಮ್ಮದಾಯಿತು.

ಇನ್ನಿಬ್ಬರಲ್ಲಿ ಒಬ್ಬಳು ಕೊಟ್ಟೂರಿನವಳು. ಶಾಲೆಗಳ ಗೋಡೆಯ ಮೇಲೆ ನಕ್ಷೆ, ಹಣ್ಣು, ಹಕ್ಕಿ ಬರೆಯುತ್ತಿದ್ದವಳು, ಒಂದೇ ಏಟಿಗೆ ಗೆರೆ ಎಳೆದು ಕೈ ಎತ್ತುತ್ತಾಳೆ, ಮತ್ತೆ ಮುಟ್ಟುವುದಿಲ್ಲ. ಇನ್ನೊಬ್ಬ ಹರಪನಹಳ್ಳಿಯವನು. ಹುಟ್ಟುಹಬ್ಬದ ಫ್ಲೆಕ್ಸು ಮಾಡಿ ಮಾಡಿ ಬೇಸತ್ತು ಬಂದವನು, ತಾಳ್ಮೆಯ ಮೂಟೆ. ನಾನು ಬೈದರೆ ಅವಳು ತಿರುಗಿ ಬೈಯುತ್ತಾಳೆ, ಅವನು ಚಹಾ ತರಲು ಕೆಳಗಿಳಿಯುತ್ತಾನೆ. ಈ ಮೂವರಿಂದ ನಮ್ಮ ಸಂಸಾರ ಸಾಗಿತ್ತು.

ನಾವು ಮಾಡುತ್ತಿದ್ದ ಕಾರ್ಟೂನು ಒಂದು ದ್ವೀಪದ ಹುಡುಗಿಯದು. ಅವಳ ಬಳಿ ಒಂದು ಮುದಿ ಕತ್ತೆ ಇದೆ, ಅದರ ಒಂದು ಕಿವಿ ಮುರಿದಿದೆ. ಕಥೆ ವಿದೇಶದವರದು, ನಿರ್ದೇಶಕಿಯೂ ವಿದೇಶದವಳು. ಕಂತುಗಳ ಚಿತ್ರ ಬರೆಯುವ ಕೆಲಸವನ್ನು ಎರಡು ಪಾಲು ಮಾಡಿ ಹಂಚಿದ್ದರು. ಮೊದಲ ಕಂತು, ಕೊನೆಯ ಕಂತು, ನಡುವೆ ಎಲ್ಲೆಲ್ಲಿ ಜೋರು ಇದೆಯೋ ಅವೆಲ್ಲ ಪೂರ್ವದ ಒಂದು ಕಡಲತೀರದ ದೇಶದ ಸ್ಟುಡಿಯೋಕ್ಕೆ. ಆ ಸ್ಟುಡಿಯೋದ ಕೆಲಸಕ್ಕೆ ಲೋಕದಲ್ಲೆಲ್ಲ ಹೆಸರು. ಉಳಿದ ಸಪ್ಪೆ ಕಂತುಗಳು, ಎಂದರೆ ಕೂತು ಮಾತಾಡುವವು, ಅಡುಗೆ ಮಾಡುವವು, ಕತ್ತೆಗೆ ನೆಗಡಿಯಾಗುವವು, ಹೈದರಾಬಾದಿಗೆ. ಅವುಗಳ ಹೊಗೆ ಧೂಳು ನಮಗೆ. ಅಡುಗೆಮನೆಯ ಹೊಗೆಯಲ್ಲಿ ಎಷ್ಟು ಪ್ರತಾಪ ತೋರಿಸಲು ಬರುತ್ತದೆ ನೀವೇ ಹೇಳಿ. ಗಾಳಿ ಸತ್ತಿದೆಯಂತೆ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಗಾಳಿ ಇನ್ನೇನು ಕುಣಿಯಬೇಕಿತ್ತು?

ಅವನು ಬರೆದದ್ದನ್ನು ಓದಿದ ದಿನ ನಾನು ಮೇಲ್ವಿಚಾರಕರಿಗೆ ಫೋನು ಮಾಡಿ, ಕೊನೆಯ ಕಂತಿನ ಸಮುದ್ರ ನಮಗೆ ಬೇಕು ಎಂದೆ. ಅವರು ತೆಲುಗಿನವರು. ಬಳ್ಳಾರಿಯಲ್ಲಿ ಓದಿದ್ದರಿಂದ ಕನ್ನಡ ಬರುತ್ತದೆ, ಆದರೆ ಸಿಟ್ಟು ಬಂದಾಗ ಮಾತ್ರ ಅದು ಮರೆಯುತ್ತದೆ. ಅಂದು ಮರೆಯಲಿಲ್ಲ.

"ಅಮ್ಮಾ, ಅದು ಸುಮ್ಮನೆ ಸಮುದ್ರ ಅಲ್ಲ. ಇಡೀ ಕಥೆ ಅದರ ಮೇಲೆ ನಿಂತಿದೆ," ಎಂದರು.

ಅದೂ ನಿಜ. ಕೊನೆಯ ಕಂತಿನಲ್ಲಿ ಕತ್ತೆ ಸಮುದ್ರದಲ್ಲಿ ಕೊಚ್ಚಿಹೋಗಿರುತ್ತದೆ. ಹುಡುಗಿ ದಂಡೆಯಲ್ಲಿ ನಿಂತಿರುತ್ತಾಳೆ. ಒಂದು ದೊಡ್ಡ ಅಲೆ ಬಂದು ಅವಳ ಮೊಣಕಾಲವರೆಗೆ ಮುಳುಗಿಸುತ್ತದೆ. ಆಮೇಲೆ ಅಲೆ ಸರಿಯುತ್ತದೆ, ಮರಳಿನ ಮೇಲೆ ಕತ್ತೆ ಮಲಗಿರುತ್ತದೆ, ಬದುಕಿರುತ್ತದೆ. ಆ ಹೊತ್ತಿನಲ್ಲಿ ಮಾತಿಲ್ಲ, ಸಂಗೀತವಿಲ್ಲ, ಹುಡುಗಿ ಅಲುಗುವುದೂ ಇಲ್ಲ. ಅಲುಗುವುದು ನೀರೊಂದೇ.

"ಅದಕ್ಕೇ ಕೇಳಾಕತ್ತೀನ್ರಿ," ಎಂದೆ.

ಮೇಲ್ವಿಚಾರಕರು ಎರಡು ದಿನ ಬಿಟ್ಟು ಉತ್ತರ ತಂದರು. ನಿರ್ದೇಶಕಿ ಒಪ್ಪಿದ್ದಾಳೆ, ಆದರೆ ಮೊದಲು ಆ ಒಂದು ಅಲೆಯನ್ನು ಮಾದರಿಯಾಗಿ ಬರೆದು ತೋರಿಸಬೇಕು. ಹಿಡಿಸಿದರೆ ಕಂತಿನ ಕೊನೆಯ ಭಾಗದ ಸಮುದ್ರವೆಲ್ಲ ನಮ್ಮದು. ಹಿಡಿಸದಿದ್ದರೆ ಎಂದು ಕೇಳಿದೆ. ಅವರು ಹೇಳಿದರು: ಮುಂದಿನ ಸರಣಿಯಲ್ಲಿ ಎಫೆಕ್ಟ್ಸ್ ಪೂರ್ತಿ ಆ ಸ್ಟುಡಿಯೋಕ್ಕೇ ಹೋಗುವ ಮಾತು ನಡೆದಿದೆ, ನಮಗೆ ಉಳಿಯುವುದು ಬೇರೆಯವರ ಗೆರೆಯೊಳಗೆ ಬಣ್ಣ ತುಂಬುವ ಕೆಲಸ. ಆ ಕೆಲಸಕ್ಕೆ ಮೂವರು ಬೇಕಾಗುವುದಿಲ್ಲ. ಹರಪನಹಳ್ಳಿಯವನು ಫ್ಲೆಕ್ಸಿಗೆ ಮರಳಬೇಕು, ಕೊಟ್ಟೂರಿನವಳು ಗೋಡೆಗೆ. ನಾನು ಎಲ್ಲಿಗೆ ಎಂದು ಯೋಚಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲ ಅಲೆಯನ್ನು ನಾವು ಹಬ್ಬದಂತೆ ಬರೆದೆವು. ಅಲೆ ಎದ್ದು ಬಾಗುವುದನ್ನು ಕೊಟ್ಟೂರಿನವಳು ತನ್ನ ಒಂದೇ ಏಟಿನ ಗೆರೆಯಲ್ಲಿ ತೆಗೆದಳು. ಸಿಡಿಯುವ ಹನಿಗಳನ್ನು ಹರಪನಹಳ್ಳಿಯವನು ಒಂದೊಂದಾಗಿ ಕೂರಿಸಿದ. ನೀರು ದಂಡೆಯ ಮೇಲೆ ಹರಡುವುದು ನನ್ನ ಪಾಲು. ಅದರಲ್ಲಿ ನಾನು ಜೀವ ತೇದಿದ್ದೆ. ನೀರು ಮುಂದೆ ಮುಂದೆ ಬಂತು, ತೆಳ್ಳಗಾಯಿತು, ಅಂಚು ಹರಿದುಹೋಯಿತು, ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದು ಒಡೆದವು, ಮರಳಿನ ಬಣ್ಣ ಒಂದು ಕಡೆಯಿಂದ ಕಪ್ಪಾಗುತ್ತ ಬಂತು. ಗುಳ್ಳೆ ಒಡೆದ ಜಾಗದಲ್ಲಿ ಸಾಸಿವೆಯಷ್ಟು ತೂತು ಕೂಡ ಬಿಟ್ಟಿದ್ದೆ. ಕೊನೆಗೆ ಒದ್ದೆ ನೆಲ, ನೆಲದ ಮೇಲೆ ಕತ್ತೆ. ನಾವು ಮೂವರೂ ಅದನ್ನು ಮತ್ತೆ ಮತ್ತೆ ಓಡಿಸಿ ನೋಡಿ, ಇಷ್ಟು ಒಳ್ಳೆಯ ನೀರನ್ನು ಯಾರೂ ಬರೆದಿಲ್ಲ ಎಂದು ಒಪ್ಪಿಕೊಂಡು, ಮಿರ್ಚಿ ಮಂಡಕ್ಕಿ ತಿಂದೆವು.

ನಿರ್ದೇಶಕಿಯಿಂದ ಬಂದ ಉತ್ತರ ಚಿಕ್ಕದಾಗಿತ್ತು. ತುಂಬ ಚೆಂದವಿದೆ, ಆದರೆ ನೀರು ಎಲ್ಲಿಗೆ ಹೋಯಿತು?

ಅದನ್ನು ನಾನು ಜೋರಾಗಿ ಓದಿದೆ. ಕೊಟ್ಟೂರಿನವಳು ತಲೆ ಎತ್ತಲೂ ಇಲ್ಲ.

"ಎಲ್ಲಿಗಿ ಹೋಗ್ತೈತಿ? ನೆಲ ಕುಡೀತು," ಎಂದಳು.

ನನಗೂ ಅದು ಸರಿಯಾದ ಉತ್ತರವೇ ಅನ್ನಿಸಿತು. ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಲು ಕೂತಿದ್ದೆ ಕೂಡ. ಅರ್ಧ ಬರೆದಾಗ ಕೈ ನಿಂತಿತು. ಸಮುದ್ರದ ನೀರನ್ನು ನೆಲ ಕುಡಿಯುವುದಿಲ್ಲ. ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಇದನ್ನು ನಾವು ಮೂವರೂ ಸಿನಿಮಾದಲ್ಲಿ, ಫೋಟೋದಲ್ಲಿ, ಟಿ.ವಿ.ಯಲ್ಲಿ ನೋಡಿದ್ದೆವು, ಆದರೂ ಕೈಗೆ ಬಂದದ್ದು ಹೊಲಕ್ಕೆ ಬಿಟ್ಟ ಬೋರಿನ ನೀರು. ನಮ್ಮ ಕಡೆ ನೀರಿಗೆ ಗೊತ್ತಿರುವುದು ಬರುವುದು ಮತ್ತು ಇಂಗುವುದು. ಮೂವರಲ್ಲಿ ಒಬ್ಬರಿಗೂ ತಪ್ಪು ಕಾಣಲಿಲ್ಲ. ನಾಲ್ಕನೆಯವರಾಗಿ ಚಾಚಾಗೆ ತೋರಿಸಿದ್ದರೆ ಅವರಿಗೂ ಕಾಣುತ್ತಿರಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ನಗು ಮುಗಿದ ಮೇಲೆ ಹೆದರಿಕೆಯಾಯಿತು.

ನಮ್ಮಲ್ಲಿ ಸಮುದ್ರ ಕಂಡವರು ಚಾಚಾ ಒಬ್ಬರೇ. ಅದಿರು ಸಾಗಿಸುವ ಕಾಲದಲ್ಲಿ ಅವರು ಲಾರಿ ಓಡಿಸಿಕೊಂಡು ಬಂದರಿಗೆ ಹೋಗಿ ಬರುತ್ತಿದ್ದರು. ಕೆಳಗಿಳಿದು ಕೇಳಿದೆ.

"ಚಾಚಾ, ಸಮುದ್ರದಾಗ ಅಲಿ ಬಂದು ಹಿಂದಕ್ಕ ಹೋಗ್ತಾವಲ್ಲ, ಹೆಂಗ ಹೋಗ್ತಾವ್ರಿ?"

ಚಾಚಾ ತಂತಿ ಸುತ್ತುವುದನ್ನು ನಿಲ್ಲಿಸದೆ ಹೇಳಿದರು: "ಬರ್ತಾವ, ಹೋಗ್ತಾವ. ಅಷ್ಟಽ."

"ಅಲ್ರಿ, ಹೋಗುವಾಗ ಹೆಂಗ ಕಾಣ್ತಾವ?"

"ನೋಡವ್ವಾ, ಅಲ್ಲಿ ಲಾರಿ ಲೈನು ಊರುದ್ದ ನಿಂತಿರ್ತಿತ್ತು. ನಾನು ಮುಂದಿನ ಲಾರಿ ಕದಲಿತಾ ಅಂತ ನೋಡ್ತಿದ್ನೋ, ಅಲಿ ನೋಡ್ಕೋತ ಕುಂದರ್ತಿದ್ನೋ? ಆದ್ರ ಬಾಳ ನೀರು ಐತಿ. ಅದಂತೂ ಖರೆ."

ಎರಡನೆಯ ಸಲ ನಾವು ಜಾಣರಾಗಲು ಹೋದೆವು. ಹರಪನಹಳ್ಳಿಯವನು ಮೋಟಾರ್ ಸೈಕಲ್ ಹತ್ತಿ ಹಂಪಸಾಗರದ ಬಳಿ ಅಣೆಕಟ್ಟಿನ ಹಿನ್ನೀರಿಗೆ ಹೋದ. ದಿನವಿಡೀ ದಂಡೆಯಲ್ಲಿ ಕೂತು ಫೋನಿನಲ್ಲಿ ನೀರು ಹಿಡಿದ. ಬಂದವನ ಮುಖ ಬಿಸಿಲಿಗೆ ಕೆಂಡವಾಗಿತ್ತು, ಕೈಯಲ್ಲಿ ಮೀನಿನ ಚೀಲವಿತ್ತು.

"ಅಲ್ಲಿ ನೀರು ಕೆಸರನ್ನ ನೆಕ್ತಾ ಕೂತೈತೆ ಅಕ್ಕಾ, ಹೋಗೋದೂ ಇಲ್ಲ ಬರೋದೂ ಇಲ್ಲ," ಎಂದ. "ಮೀನು ಮಾತ್ರ ಚಲೋ ಸಿಕ್ಕುವು."

ಕೊನೆಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಅಲೆಗಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಹೆಸರಾದ ಸ್ಟುಡಿಯೋಗಳ ಅಲೆಗಳನ್ನು ಚಿತ್ರ ಚಿತ್ರವಾಗಿ ಬಿಡಿಸಿಕೊಂಡು ಅವುಗಳ ಹೆಜ್ಜೆ ಎಣಿಸಿದೆವು. ಅಲೆ ಎಷ್ಟು ಚಿತ್ರದಲ್ಲಿ ಏಳುತ್ತದೆ, ಎಷ್ಟರಲ್ಲಿ ಬೀಳುತ್ತದೆ, ಎಷ್ಟರಲ್ಲಿ ಸರಿಯುತ್ತದೆ. ಅದರಂತೆ ಬರೆದೆವು. ನೀರು ಬಂತು, ಹೋಯಿತು. ಒಂದು ಗೆರೆಯೂ ತಪ್ಪಿರಲಿಲ್ಲ. ಮೂವರಿಗೂ ಅದು ಬೇಡವಾಗಿತ್ತು. ಈ ಸಲ ಮಿರ್ಚಿ ತರಿಸಲಿಲ್ಲ.

ನಿರ್ದೇಶಕಿ ಬರೆದಳು: ಈಗ ನೀರು ಸರಿಯಾಗಿದೆ, ಆದರೆ ಇದನ್ನು ನಾನು ಎಲ್ಲೋ ನೋಡಿದ್ದೇನೆ, ಮೊದಲಿನದರಲ್ಲಿದ್ದ ಜೀವ ಇದರಲ್ಲಿ ಇಲ್ಲ, ಇನ್ನೊಂದೇ ಸಲ ನೋಡುತ್ತೇನೆ. ಮೇಲ್ವಿಚಾರಕರು ಫೋನಿನಲ್ಲಿ, ಸೋಮವಾರ ಬೆಳಿಗ್ಗೆಯೊಳಗೆ ಬರದಿದ್ದರೆ ಆ ಸ್ಟುಡಿಯೋಕ್ಕೆ ಕೊಟ್ಟುಬಿಡುತ್ತಾರೆ ಅಮ್ಮಾ ಎಂದರು. ಆಮೇಲೆ ಒಂದೆರಡು ಸಮಾಧಾನದ ಮಾತು ಹೇಳಿದರು. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕೋಗಳಿಯ ಮನೆಯಲ್ಲಿ ನಾನು ಯಾರೊಂದಿಗೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನಮ್ಮಲ್ಲಿ ಒಂದು ಎಮ್ಮೆ ಇದೆ. ಕೊಟ್ಟಿಗೆ ತೊಳೆಯುವುದು ನನ್ನ ಪಾಲಿನ ಕೆಲಸ, ಅವ್ವ ಹಾಲು ಕರೆಯುತ್ತಾಳೆ. ಕೊಟ್ಟಿಗೆಯ ನೆಲಕ್ಕೆ ಹಾಸುಗಲ್ಲು, ಮೇವು ಹಾಕುವ ಗೋದಲಿಯ ಕಡೆ ಎತ್ತರ, ಬಾಗಿಲ ಬಳಿಯ ಕಾಲುವೆಯ ಕಡೆ ಇಳಿಜಾರು. ತೊಳೆಯುವ ರೀತಿ ಎಂದರೆ, ಕಾಲುವೆಯ ಕಡೆ ನಿಂತು ಬಕೀಟಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಎಸೆಯಬೇಕು. ನೀರು ಇಳಿಜಾರು ಹತ್ತಿ ಗೋದಲಿಯ ಬುಡಕ್ಕೆ ಹೋಗಿ, ತಿರುಗಿ ಬರುವಾಗ ಸಗಣಿ, ಗಂಜಲ, ಜೋಳದ ಸೊಪ್ಪೆಯ ಚೂರು ಎಲ್ಲವನ್ನೂ ಎಳೆದುಕೊಂಡು ಕಾಲುವೆಗೆ ಬೀಳುತ್ತದೆ. ಮೇಲಿನಿಂದ ಸುರಿದರೆ ನೀರು ನಡುವೆ ಒಂದು ದಾರಿ ಮಾಡಿಕೊಂಡು ಓಡಿಹೋಗುತ್ತದೆ, ಕೊಳೆ ಇದ್ದಲ್ಲೇ ಇರುತ್ತದೆ. ಇದನ್ನು ನಾನು ಲಂಗ ತೊಡುವ ವಯಸ್ಸಿನಿಂದ ಮಾಡುತ್ತಿದ್ದೇನೆ.

ಅಂದು ಮೊದಲ ಬಕೀಟನ್ನು ಸಿಟ್ಟಿನಲ್ಲಿ ಎಸೆದೆ. ಅಗತ್ಯಕ್ಕಿಂತ ಜೋರಾಗಿ ಎಸೆದೆ. ನೀರು ಗೋದಲಿಯ ಕಲ್ಲಿಗೆ ಬಡಿದು ಸಿಡಿಯಿತು, ಎಮ್ಮೆ ಬೆದರಿ ಕಾಲು ಬದಲಿಸಿತು. ಆ ನೀರು ತಿರುಗಿ ಇಳಿಯುತ್ತಿರುವಾಗಲೇ ಎರಡನೆಯ ಬಕೀಟನ್ನೂ ಎಸೆದೆ. ಆಗ ನೋಡಿದೆ. ಮೇಲೇರುವ ನೀರು ಇಳಿಯುವ ನೀರಿನ ಮೇಲೆ ಹತ್ತಿ ಹೋಯಿತು. ಕೆಳಗಿನದು ಹಿಂದಕ್ಕೆ ಎಳೆಯುತ್ತಿತ್ತು, ಮೇಲಿನದು ಮುಂದಕ್ಕೆ ಹೋಗುತ್ತಿತ್ತು, ಎರಡೂ ಸೇರುವ ಜಾಗದಲ್ಲಿ ನೀರು ಒಂದು ಗಳಿಗೆ ನಿಂತಲ್ಲೇ ಕುದಿಯಿತು. ಮೇಲೇರಿದ ನೀರು ತನ್ನ ಕಸುವು ಮುಗಿದಲ್ಲಿ ನಿಂತಿತು. ಪೂರ್ತಿ ಒಮ್ಮೆಗೇ ನಿಲ್ಲಲಿಲ್ಲ, ಒಂದು ಕಡೆ ಬೇಗ, ಒಂದು ಕಡೆ ತಡವಾಗಿ ನಿಂತಿತು. ಬೇಗ ನಿಂತ ಕಡೆಯಿಂದ ತಿರುಗಲು ಶುರುವಾಯಿತು. ನಿಂತ ಅಂಚಿನಲ್ಲಿ ಸೊಪ್ಪೆಯ ಚೂರುಗಳನ್ನು ಡೊಂಕು ಗೆರೆಯಾಗಿ ಬಿಟ್ಟು, ನೀರು ಎಳೆ ಎಳೆಯಾಗಿ ಇಳಿಯಿತು. ಇಳಿಯುವಾಗ ಎಮ್ಮೆಯ ಗೊರಸಿನ ಸುತ್ತ ಸಗಣಿಯಲ್ಲಿ ಒಂದು ಸಣ್ಣ ಗುಂಡಿ ತೋಡಿಕೊಂಡು ಹೋಯಿತು.

ನಾನು ಬಕೀಟು ಹಿಡಿದು ಹಾಗೇ ನಿಂತೆ. ಎಷ್ಟು ಖುಷಿಯಾಯಿತೆಂದರೆ ಎಮ್ಮೆಯ ಕೊರಳಿಗೆ ಜೋತುಬೀಳುವ ಮನಸ್ಸಾಯಿತು. ನಮ್ಮ ಕಡೆ ನೀರು ತಿರುಗಿ ಹೋಗುವುದಿಲ್ಲ ಎಂದು ನಾನೇ ತೀರ್ಮಾನ ಕೊಟ್ಟಿದ್ದೆ. ದಿನಾ ಬೆಳಿಗ್ಗೆ ಅದು ನನ್ನ ಕಾಲ ಮುಂದೆಯೇ ತಿರುಗಿ ಹೋಗುತ್ತಿತ್ತು.

ಫೋನನ್ನು ಗೋಡೆಯ ಗೂಡಿನಲ್ಲಿ ನಿಲ್ಲಿಸಿ ಮತ್ತೆ ಎಸೆದೆ. ನಿಧಾನವಾಗಿ ಎಸೆದೆ, ಜೋರಾಗಿ ಎಸೆದೆ, ಅಡ್ಡಕ್ಕೆ ಎಸೆದೆ. ಗೊರಸಿನ ಸುತ್ತಲಿನ ಗುಂಡಿ ಇನ್ನೊಮ್ಮೆ ಬೇಕೆಂದು ಎಮ್ಮೆಯನ್ನು ಪಕ್ಕಕ್ಕೆ ಸರಿಸಿ ಎಸೆದೆ. ಹಾಲಿನ ಚೆಂಬು ಹಿಡಿದು ಬಂದ ಅವ್ವ ಬಾಗಿಲಲ್ಲಿ ನಿಂತಳು.

"ತೊಳದ ನೆಲಾನ ಎಷ್ಟು ಸಲ ತೊಳಿತಿಯ? ನಳದ ನೀರು ಎಂದು ಬರ್ತೈತೋ ಯಾವಾಕಿಗಿ ಗೊತ್ತು."

"ಸುಮ್ನಿರಬೇ, ಸಮುದ್ರ ಮಾಡಾಕತ್ತೀನಿ."

"ಮೊದ್ಲು ಸಗಣಿ ಮಾಡು. ಆಮ್ಯಾಲ ಸಮುದ್ರ ಮಾಡುವಂತಿ," ಎಂದು ಬೈದು, ಎಮ್ಮೆಯ ಒದ್ದೆ ಕಾಲನ್ನು ಸೆರಗಿನಿಂದ ಒರೆಸಿದಳು.

ಆ ಶನಿವಾರ, ಭಾನುವಾರ ಕೋಣೆಯಲ್ಲಿ ನಡೆದದ್ದನ್ನು ನಾನು ಕೆಲಸ ಎನ್ನುವುದಿಲ್ಲ, ಜಗಳ ಎನ್ನುತ್ತೇನೆ. ಕೊಟ್ಟೂರಿನವಳು ಕೊಟ್ಟಿಗೆಯ ವಿಡಿಯೋವನ್ನು ಒಂದೇ ಸಲ ನೋಡಿ, ಇದು ಸಾಕು ಎಂದು ಪೆನ್ನು ಹಿಡಿದಳು. ನಾನು ಚಿತ್ರ ಚಿತ್ರವಾಗಿ ಅಳೆದು ಬರೆಯೋಣ ಎಂದೆ. ಅವಳು ಕೇಳಲಿಲ್ಲ.

"ಅಳದು ಬರದಿದ್ದು ಹೋದ ಸಲ ಏನಾತು? ಅಕ್ಕಾ, ನೀವು ಒಂದು ಬಕೀಟು ಒಗೀರಿ, ನಾನು ಬರೀತೀನಿ," ಎಂದಳು.

ಕೊನೆಗೆ ಚಾಚಾ ಅಂಗಡಿಯ ಮುಂದೆ, ಮೋಟಾರು ಇಳಿಸುವ ಇಳಿಜಾರು ಕಟ್ಟೆಯ ಮೇಲೆ, ಭಾನುವಾರ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ನೀರೆಸೆದೆ. ಅವಳು ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. ನೋಡುವುದು, ಕಣ್ಣು ಮುಚ್ಚುವುದು, ಒಂದು ಗೆರೆ. ಮತ್ತೆ ನೋಡುವುದು, ಮತ್ತೊಂದು ಗೆರೆ. ಆಕೆ ಬರೆದ ಹಿಂದಿರುಗುವ ನೀರಿನಲ್ಲಿ ಒಂದು ತೂಕ ಬಂತು. ಬರುವಾಗ ನೀರಿಗೆ ಅವಸರ, ಹೋಗುವಾಗ ಅದಕ್ಕೆ ಮನಸ್ಸಿಲ್ಲ. ನಾನು ಅದನ್ನು ನೋಡಿ ಸುಮ್ಮನಾದೆ. ನಾನು ಸುಮ್ಮನಾಗುವುದು ಅಪರೂಪವಾದ್ದರಿಂದ ಅವಳು ಗೆದ್ದೆನೆಂದು ತಿಳಿದಳು. ಗೆದ್ದಿದ್ದಳು ಕೂಡ.

ಇನ್ನೊಂದು ಜಗಳ ಹರಪನಹಳ್ಳಿಯವನದು. ಅವನು ಯಾವತ್ತೂ ಜಗಳವಾಡದವನು. ಮೊದಲ ಅಲೆಯ ಹಾಳೆಗಳನ್ನು ನಾನು ಹರಿದುಹಾಕಲು ಹೊರಟಾಗ ನನ್ನ ಕೈ ತಡೆದ.

"ಅದನ್ನ ಕಸಕ್ಕೆ ಹಾಕ್ಬೇಡ್ರಿ ಅಕ್ಕಾ. ಡೈರೆಕ್ಟರಮ್ಮ ಜೀವ ಐತೆ ಅಂದಿದ್ದು ಅದಕ್ಕೇ ಅಲ್ವಾ?"

"ಅದು ತಪ್ಪು ಅಲ್ಲೇನೋ? ಸಮುದ್ರ ಇಂಗಂಗಿಲ್ಲ."

"ಪೂರ್ತಿ ಇಂಗಲ್ಲ. ನೀರು ಹಿಂದಕ್ಕೆ ಹೋಗ್ಲಿ, ಹೋಗ್ತಾ ಮರಳು ಒಂದೊಂದು ಗುಟುಕು ಕುಡೀಲಿ. ಕುಡಿದಿದ್ದು ಕಾಣ್ಲಿ."

ಸಮುದ್ರ ಹಿಂದೆ ಸರಿದ ಮೇಲೆ ಉಳಿಯುವ ತೆಳು ನೀರಿಗೆ ನನ್ನ ಮೊದಲ ಅಲೆಯ ಅಂಚನ್ನು ಕೂರಿಸಿದೆವು. ಗುಳ್ಳೆ ಎದ್ದು ಒಡೆದವು, ಮರಳು ಕಪ್ಪಾಯಿತು, ಆಮೇಲೆ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಳುಪಾಗುತ್ತ ಬಂತು. ಕತ್ತೆಯ ಮೂತಿಯ ಸುತ್ತ, ಎಮ್ಮೆಯ ಗೊರಸಿನ ಬಳಿ ಕಂಡಂಥದೇ ಗುಂಡಿ ತೋಡಿದೆವು. ಅದರಲ್ಲಿ ಒಂದು ಹಿಡಿ ನೀರು ನಿಂತಿತು. ಆ ನೀರಿನಲ್ಲಿ ಕತ್ತೆಯ ಉಸಿರಿಗೆ ಒಂದು ಸಣ್ಣ ಉಂಗುರ ಎದ್ದಿತು. ಆ ಉಂಗುರ ಯಾರ ಯೋಚನೆ ಎಂದು ಈಗಲೂ ಮೂವರೂ ವಾದ ಮಾಡುತ್ತೇವೆ. ನನ್ನದು.

ಸೋಮವಾರ ಬೆಳಿಗ್ಗೆ ಅದನ್ನು ಕಳಿಸಿದ ಮೇಲೆ ಕಾಯುವುದು ನನ್ನಿಂದ ಆಗದ ಕೆಲಸ. ಕೋಣೆ ಗುಡಿಸಿದೆ. ಗುಡಿಸಿದ್ದನ್ನೇ ಗುಡಿಸುವುದನ್ನು ನೋಡಿ ಕೊಟ್ಟೂರಿನವಳು ಪೊರಕೆ ಕಸಿದುಕೊಂಡಳು. ಮಧ್ಯಾಹ್ನ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಸಂಜೆಯ ಬಸ್ಸಿಗೆ ಅವಳು ಹೊರಟು ಮೆಟ್ಟಿಲಿಳಿಯುತ್ತಿದ್ದಾಗ ಮೇಲ್ವಿಚಾರಕರ ಫೋನು ಬಂತು. ಅವರು ಪೂರ್ತಿ ತೆಲುಗಿನಲ್ಲಿ ಮಾತಾಡುತ್ತಿದ್ದರು. ಸಿಟ್ಟು ಬಂದಿದೆ, ಕೆಲಸ ಹೋಯಿತು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಖುಷಿಯಾದಾಗಲೂ ಅವರಿಗೆ ಕನ್ನಡ ಮರೆಯುತ್ತದೆ.

ಸಮುದ್ರ ನಮ್ಮದಾಗಿತ್ತು. ಕೊನೆಯ ಭಾಗವಷ್ಟೇ ಅಲ್ಲ. ನಿರ್ದೇಶಕಿ ನಮ್ಮ ಅಲೆಯನ್ನು ಇಡೀ ಕಂತಿಗೆ ಮಾದರಿ ಮಾಡಿದ್ದಳು. ಕಂತಿನ ಮೊದಲ ಭಾಗದ ನೀರನ್ನು ಕಡಲತೀರದ ಆ ಹೆಸರಾದ ಸ್ಟುಡಿಯೋದವರು ಆಗಲೇ ಬರೆದು ಮುಗಿಸಿದ್ದರು. ಅದನ್ನು, ಈ ಅಲೆಗೆ ಹೊಂದುವಂತೆ ಮತ್ತೆ ಬರೆಯಿರಿ ಎಂದು, ನಮ್ಮ ಕ್ಲಿಪ್ಪು ಜೊತೆಗಿಟ್ಟು ವಾಪಸ್ಸು ಕಳಿಸಿದ್ದಳು. ಮುಂದಿನ ಸರಣಿಯ ಗಾಳಿ, ಬೆಂಕಿ, ನೀರು ಎಲ್ಲವನ್ನೂ ನಮ್ಮ ಕೋಣೆಯಿಂದಲೇ ಮಾಡಿಸುವ ಮಾತಾಗಿತ್ತು. ಬಣ್ಣ ತುಂಬುವವರನ್ನು ಬೇರೆ ಕಡೆ ಹುಡುಕಿಕೊಳ್ಳುತ್ತಾರೆ.

ಕೊಟ್ಟೂರಿನವಳು ಮೆಟ್ಟಿಲ ಮೇಲೇ ಕೂತು ಅತ್ತಳು. ಬಸ್ಸು ತಪ್ಪಿತು. ಹರಪನಹಳ್ಳಿಯವನು ಎಂದಿನಂತೆ ಚಹಾ ತರಲು ಹೋದವನು ಚಹಾದ ಬದಲು ಜಿಲೇಬಿ ತಂದ. ನಾನು ಕೆಳಗಿಳಿದು ಚಾಚಾಗೆ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ತಂತಿ ಕೆಳಗಿಟ್ಟರು.

"ಅಂದ್ರ, ದೊಡ್ಡ ಕಂಪನಿ ಮೋಟಾರು ನಮ್ಮ ಅಂಗಡಿಗಿ ರಿಪೇರಿಗಿ ಬಂದಂಗ," ಎಂದರು.

"ಹೌದ್ರಿ ಚಾಚಾ, ಹಂಗಽ."

"ಹಂಗಾದ್ರ ಚಲೋ ಸುತ್ತಿ ಕಳಸ್ರಿ," ಎಂದು ಒಂದು ಜಿಲೇಬಿ ತೆಗೆದುಕೊಂಡರು.

ಆ ಕಂತು ಟಿ.ವಿ.ಯಲ್ಲಿ ಬಂದ ದಿನ ನಾವೆಲ್ಲ ಅಂಗಡಿಯಲ್ಲೇ ನೋಡಿದೆವು. ಅವ್ವನೂ ಕೋಗಳಿಯಿಂದ ಬಂದಿದ್ದಳು. ಕೊನೆಯಲ್ಲಿ ಹೆಸರುಗಳು ಬರುವ ಹೊತ್ತಿಗೆ ಚಾನೆಲ್ಲಿನವರು ಅದನ್ನು ಕತ್ತರಿಸಿ ಸೋಪಿನ ಜಾಹೀರಾತು ಹಾಕಿದರು. ಬೇರೆ ದಿನವಾಗಿದ್ದರೆ ನಾನು ಟಿ.ವಿ.ಗೆ ಏನಾದರೂ ಎಸೆಯುತ್ತಿದ್ದೆ. ಅಂದು ಸಿಟ್ಟು ಬರಲಿಲ್ಲ. ಅಲೆ ಸರಿದು ಕತ್ತೆ ಕಂಡಾಗ ಮೋಟಾರು ಒಯ್ಯಲು ಹೊಸಹಳ್ಳಿಯಿಂದ ಬಂದಿದ್ದ ರೈತನೊಬ್ಬ ತನ್ನ ಕೆಲಸ ಮರೆತು ಬಾಗಿಲಲ್ಲೇ ನಿಂತಿದ್ದ.

ಆಮೇಲೆ ಒಂದು ದಿನ, ಆ ಹೆಸರಾದ ಸ್ಟುಡಿಯೋದ ಎಫೆಕ್ಟ್ಸ್ ಕಲಾವಿದೆಯೊಬ್ಬಳು ಮೇಲ್ವಿಚಾರಕರ ಮೂಲಕ ನಮಗೆ ಬರೆದಳು. ತಮ್ಮ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆಯೆಂದೂ, ಎಷ್ಟು ಪ್ರಯತ್ನಿಸಿದರೂ ಹಿಂದಿರುಗುವ ನೀರಿನ ಆ ತೂಕ ತಮಗೆ ಸಿಗುತ್ತಿಲ್ಲವೆಂದೂ, ನೀವು ಯಾವ ಕಡಲತೀರದಲ್ಲಿ ಕೂತು ನೋಡಿದಿರಿ ಎಂದೂ ಕೇಳಿದ್ದಳು. ಏನು ಉತ್ತರ ಕೊಡುವುದೆಂದು ನಾವು ಬಹಳ ಹೊತ್ತು ಚರ್ಚಿಸಿದೆವು. ಸುಳ್ಳು ಹೇಳಿ ಯಾವುದಾದರೂ ಒಳ್ಳೆಯ ಬೀಚಿನ ಹೆಸರು ಬರೆಯೋಣ ಎಂದು ಹರಪನಹಳ್ಳಿಯವನ ವಾದ. ನಾನು ಕೊಟ್ಟಿಗೆಯ ವಿಡಿಯೋವನ್ನು ಒಂದಿಷ್ಟೂ ಕತ್ತರಿಸದೆ ಕಳಿಸಿದೆ. ಎಮ್ಮೆಯ ಕಾಲು, ಸಗಣಿ, ಅವ್ವನ ಬೈಗುಳ ಎಲ್ಲ ಅದರಲ್ಲಿತ್ತು.

ಒಂದು ವಾರದಲ್ಲಿ ಅಲ್ಲಿಂದಲೂ ಒಂದು ವಿಡಿಯೋ ಬಂತು. ಅವರ ದೊಡ್ಡ ಕಟ್ಟಡದ ಹಿಂದೆ, ಕಾರುಗಳು ಹತ್ತುವ ಇಳಿಜಾರಿನಲ್ಲಿ, ಅಚ್ಚುಕಟ್ಟಾದ ಬಟ್ಟೆ ತೊಟ್ಟ ನಾಲ್ಕೈದು ಜನ ಪ್ಯಾಂಟು ಮಡಚಿಕೊಂಡು ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಕೀಟು. ನಗುತ್ತ ನೀರೆಸೆಯುತ್ತಿದ್ದರು, ಓಡಿ ಬಂದು ಬಗ್ಗಿ ನೋಡುತ್ತಿದ್ದರು, ಹಾಳೆಯ ಮೇಲೆ ಬರೆಯುತ್ತಿದ್ದರು. ಅವರ ಬೆನ್ನ ಹಿಂದೆ, ತಗ್ಗು ಗೋಡೆಯ ಆಚೆ, ಸಮುದ್ರ ತನ್ನ ಪಾಡಿಗೆ ಬಂದು ಬಂದು ಹೋಗುತ್ತಿತ್ತು. ಯಾರೂ ಅತ್ತ ತಿರುಗಿರಲಿಲ್ಲ.

ಕೊಟ್ಟೂರಿನವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಕ್ಕಾ, ಅವರು ಮ್ಯಾಲಿಂದ ಕೆಳಗ ಒಗ್ಯಾಕತ್ಯಾರ ನೋಡ್ರಿ," ಎಂದಳು.

ನಾನು ಕುರ್ಚಿ ಎಳೆದುಕೊಂಡು ಕೂತು, ಆ ಸ್ಟುಡಿಯೋಕ್ಕೆ ಉತ್ತರ ಬರೆದೆ. ಪ್ರಯತ್ನ ಚೆನ್ನಾಗಿದೆ, ಆದರೆ ನೀರನ್ನು ಕೆಳಗೆ ನಿಂತು ಮೇಲಕ್ಕೆ ಎಸೆಯಬೇಕು, ದಯವಿಟ್ಟು ಇನ್ನೊಮ್ಮೆ ಮಾಡಿ ಕಳಿಸಿ ಎಂದು.